ಶಾಲು ಹೊದಿಸುವ ಮುನ್ನ ಒಂದು ಮಾತು ಕೇಳೋಣ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನಮ್ಮ ಸಂಘಗಳ ಕಾರ್ಯಕ್ರಮಗಳಿಗೆ ಹೋಗುವವರಿಗೆ ಸನ್ಮಾನ ಸಮಾರಂಭ ಹೊಸದಲ್ಲ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಭಾಷಣ ಮುಗಿದ ಮೇಲೆ ಸನ್ಮಾನಿತರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುತ್ತಾರೆ. ಹೋಟೆಲ್ ಉದ್ಯಮಿಗಳು, ಲೇಖಕರು, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳು. ಜನವರಿ ಅಥವಾ ಆಗಸ್ಟ್ ತಿಂಗಳಾದರೆ ಅವರ ನಡುವೆ ಒಬ್ಬ ಮಾಜಿ ಸೈನಿಕರೂ ಇರುತ್ತಾರೆ. ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಸಮಯದ ಅಭಾವವಿರುವುದರಿಂದ ಅವರಿಗೆ ಮಾತನಾಡಲು ಎರಡು ನಿಮಿಷ. ಊಟವಾದ ಮೇಲೆ ಅವರು ಶಾಲನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಲೋಕಲ್ ಹಿಡಿದು ಮನೆಗೆ ಹೋಗುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಗೌರವಿಸುವ ಮನಸ್ಸು ಇರುವುದೇ ದೊಡ್ಡ ಮಾತು. ಆದರೆ ಆ ಎರಡು ನಿಮಿಷದಲ್ಲಾಗಲಿ, ಊಟದ ಸಾಲಿನಲ್ಲಾಗಲಿ ಅವರನ್ನು ನಾವು ಏನು ಕೇಳುತ್ತೇವೆ? ಮಕ್ಕಳು ‘ಎಷ್ಟು ಜನ ಶತ್ರುಗಳನ್ನು ಕೊಂದಿರಿ ಅಂಕಲ್?’ ಎನ್ನುತ್ತಾರೆ. ದೊಡ್ಡವರು ತುಸು ಬಳಿ ಸರಿದು, ‘ಕ್ಯಾಂಟೀನಿನಿಂದ ಒಂದು ಬಾಟಲಿ ಸಿಗಬಹುದಾ?’ ಎನ್ನುತ್ತಾರೆ. ಈ ಎರಡರ ನಡುವೆ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ: ‘ನಿಮಗೆ ಏನು ಬೇಕು?’

ಆತಕೂರಿನ ಕಲ್ಲು ಹೇಳುವ ಕಥೆ

ಈ ಪ್ರಶ್ನೆ ನಮಗೆ ಪರದೇಶದಿಂದ ಬಂದದ್ದಲ್ಲ. ಸಾವಿರ ವರ್ಷಕ್ಕೂ ಹಿಂದೆ ಕನ್ನಡದಲ್ಲೇ ಇದನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದು. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಚೋಳ ರಾಜಾದಿತ್ಯ ಹತನಾದ. ಬೂತುಗನ ಕಡೆಯ ಮಣಲೇರನೆಂಬ ವೀರ ಆ ಯುದ್ಧದಲ್ಲಿ ಪರಾಕ್ರಮ ತೋರಿದ್ದ. ಮೆಚ್ಚಿದ ದೊರೆ ಅವನಿಗೆ ಏನು ಬೇಕೆಂದು ಕೇಳಿದ. ಮಣಲೇರ ಕೇಳಿದ್ದು ಹೊನ್ನನ್ನಲ್ಲ, ಬಿರುದನ್ನೂ ಅಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಕೊಟ್ಟರು.

ಮುಂದೆ ಆ ಕಾಳಿ ಒಂದು ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿಯ ಪಾಪವೆಲ್ಲ ತಟ್ಟುತ್ತದೆ ಎಂದು ನೋಡಿಕೊಳ್ಳಬೇಕಾದವನಿಗೆ ಎಚ್ಚರಿಕೆಯನ್ನೂ ಕೆತ್ತಿಸಿದರು. ಮಣಲೇರನಿಗೆ ಊರುಗಳನ್ನೂ ಬಿಟ್ಟುಕೊಟ್ಟರು. ಯುದ್ಧ ಮಾಡಿ ಬಂದವನಿಗೆ ಹೀಗೆ ಕೊಡುವ ಭೂಮಿಗೆ ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆಯುವುದು, ಎಂಬ ಹೆಸರೇ ಇತ್ತು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಡುವುದು ‘ನೆತ್ತರುಗೊಡಗೆ’.

ಈ ಕಥೆಯಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಕೊಡುವವನು ತನಗೆ ತೋಚಿದ್ದನ್ನು ಕೊಡಲಿಲ್ಲ, ಕೇಳಿ ಕೊಟ್ಟ. ಎರಡನೆಯದು, ಗೌರವ ಒಂದು ದಿನಕ್ಕೆ ಮುಗಿಯದಂತೆ ಅದಕ್ಕೊಂದು ವ್ಯವಸ್ಥೆ ಮಾಡಿದರು, ಅದನ್ನು ಒಬ್ಬರ ಜವಾಬ್ದಾರಿಗೆ ವಹಿಸಿದರು. ನಮ್ಮ ಇಂದಿನ ಸನ್ಮಾನಗಳಲ್ಲಿ ಈ ಎರಡೂ ತಪ್ಪಿಹೋಗಿವೆ.

ಸೈನಿಕರು ತುಳಿದ ನೆಲ

ನಾವಿರುವ ಈ ಠಾಣೆ ಸೀಮೆಗೂ ಸೈನಿಕರಿಗೂ ಹಳೆಯ ನಂಟಿದೆ. ಉತ್ತರ ಕೊಂಕಣದ ಶಿಲಾಹಾರರಿಗೆ ‘ಸ್ಥಾನಕ’, ಅಂದರೆ ಇಂದಿನ ಠಾಣೆ, ರಾಜಧಾನಿಯಾಗಿತ್ತು. ಘೋಡ್‌ಬಂದರ್ ರಸ್ತೆ ಹಿಡಿದು ಬೊರಿವಲಿಗೆ ಹೋದರೆ ಎಕ್ಸರ್ ಎಂಬಲ್ಲಿ ಆ ಕಾಲದ ವೀರಗಲ್ಲುಗಳು ಇಂದಿಗೂ ನಿಂತಿವೆ. ಕೆಲವದರ ಮೇಲೆ ಸಾಲು ಸಾಲು ಹುಟ್ಟುಗಳ ಹಡಗುಗಳು, ಸಮುದ್ರದ ಮೇಲಿನ ಕಾಳಗ. ಯಾದವ ಮಹಾದೇವನಿಗೂ ಶಿಲಾಹಾರ ಸೋಮೇಶ್ವರನಿಗೂ ನಡೆದ ಯುದ್ಧದ ಚಿತ್ರವಿದು ಎಂದು ವಿದ್ವಾಂಸರು ಊಹಿಸಿದ್ದಾರೆ. ಊರಿನ ಗುಡಿಯ ಮುಂದೆ ನೋಡಿದಂಥ ವೀರಗಲ್ಲನ್ನೇ ಮುಂಬಯಿಯ ಉಪನಗರದ ಗದ್ದಲದಲ್ಲಿ ಕಂಡಾಗ ಕನ್ನಡಿಗರಿಗೆ ಪರಿಚಿತರೊಬ್ಬರು ಸಿಕ್ಕಂತೆಯೇ ಆಗುತ್ತದೆ.

ಇತ್ತೀಚಿನ ಕಾಲಕ್ಕೆ ಬಂದರೆ, ಉಲ್ಲಾಸನಗರ ಹುಟ್ಟಿದ್ದೇ ಎರಡನೆಯ ಮಹಾಯುದ್ಧದ ಕಾಲದ ಕಲ್ಯಾಣ ಮಿಲಿಟರಿ ಶಿಬಿರದಲ್ಲಿ. ಸೈನಿಕರು ಬಿಟ್ಟುಹೋದ ಬ್ಯಾರಕ್ಕುಗಳಲ್ಲಿ ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿದರು. 1949ರಲ್ಲಿ ಊರಿಗೆ ಹೊಸ ಹೆಸರು ಬಂತು. ಆದರೂ ಇಂದಿಗೂ ಅಲ್ಲಿ ವಿಳಾಸ ಕೇಳಿದರೆ ‘ಕ್ಯಾಂಪ್ ನಂಬರ್ ನಾಲ್ಕು’, ‘ಕ್ಯಾಂಪ್ ನಂಬರ್ ಐದು’ ಎಂದೇ ಹೇಳುತ್ತಾರೆ. ಪಕ್ಕದ ಅಂಬರನಾಥದಲ್ಲಿ ಸೈನ್ಯಕ್ಕೆ ಬೇಕಾದುದನ್ನು ತಯಾರಿಸುವ ಆರ್ಡ್ನೆನ್ಸ್ ಕಾರ್ಖಾನೆ ಇದೆ.

ಇನ್ನು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ. 1768ರಷ್ಟು ಹಳೆಯದಾದ ಈ ರೆಜಿಮೆಂಟಿನ ಕೇಂದ್ರ ಕರ್ನಾಟಕದಲ್ಲಿದೆ. ಅದರಲ್ಲಿ ಮಹಾರಾಷ್ಟ್ರದವರೂ ಕರ್ನಾಟಕದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಗಡಿಯ ಹೆಸರಿನಲ್ಲಿ ಆಗಾಗ ಕಾವೇರುವ ಮಾತುಗಳ ನಡುವೆ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ‘ಮಾಜಿ ಸೈನಿಕ’ ಎಂಬ ಪದ ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ.

ತಡವಾಗಿ ಬಂದ ಮೆಚ್ಚುಗೆ

ಪರಮವೀರ ಚಕ್ರವನ್ನು ಈವರೆಗೆ ಪಡೆದವರು 21 ಜನ. ಅವರಲ್ಲಿ 14 ಜನರಿಗೆ ಅದು ಮರಣೋತ್ತರವಾಗಿ ಬಂತು. ಬದುಕಿದ್ದು ಪಡೆದ ಏಳು ಜನರಲ್ಲಿ ಒಬ್ಬರು ಕಾರವಾರ ಬಳಿಯ ಚೆಂಡಿಯಾದ ರಾಮ ರಾಘೋಬಾ ರಾಣೆ. ಪೊಲೀಸ್ ಕಾನ್‌ಸ್ಟೇಬಲ್‌ರ ಮಗ. 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದರು. 1948ರ ಏಪ್ರಿಲ್‌ನಲ್ಲಿ ಜಮ್ಮು ಪ್ರಾಂತದ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಸಾಗಬೇಕಿತ್ತು. ದಾರಿಯುದ್ದಕ್ಕೂ ನೆಲಬಾಂಬುಗಳು, ಕಡಿದು ಉರುಳಿಸಿದ ಪೈನ್ ಮರಗಳು, ಮುರಿದ ಸೇತುವೆಗಳು, ಗುಡ್ಡದ ಮೇಲಿಂದ ಗುಂಡಿನ ಮಳೆ. ಎಂಟರಿಂದ ಹನ್ನೊಂದನೆಯ ತಾರೀಖಿನವರೆಗೆ ರಾಣೆಯವರು ಗಾಯಗೊಂಡ ಮೇಲೂ ತಮ್ಮ ತಂಡದೊಂದಿಗೆ ಆ ದಾರಿ ತೆರವು ಮಾಡಿದರು. ಬಂದೂಕಿಗಿಂತ ಗುದ್ದಲಿ, ಸ್ಫೋಟಕ ಮತ್ತು ತಾಳ್ಮೆಯಿಂದ ಗೆದ್ದ ಪದಕ ಅದು.

ರಾಣೆಯವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಅನಾವರಣಗೊಂಡದ್ದು 2006ರಲ್ಲಿ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದಕ್ಕೆ ಅವರ ಹೆಸರು ಬಂತು. ಗೋವಾಕ್ಕೋ ಗೋಕರ್ಣಕ್ಕೋ ಹೋಗುವಾಗ ಕಾರವಾರದಲ್ಲಿ ಅರ್ಧ ಗಂಟೆ ನಿಂತರೆ, ‘ಚಪಲ್’ ಯುದ್ಧನೌಕೆಯ ಪಕ್ಕದಲ್ಲೇ ಇರುವ ಅವರನ್ನು ಮಕ್ಕಳಿಗೆ ತೋರಿಸಬಹುದು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು ಇನ್ನೊಂದು ಕಥೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರು. ನಮ್ಮವರಿಗೆ ಅದು ಗೊತ್ತೇ ಇರಲಿಲ್ಲ. ವರ್ಷಗಳ ನಂತರ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಬರೆದಾಗಲೇ ವಿಷಯ ಬೆಳಕಿಗೆ ಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಬಳಿಕ. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಯಾರೋ ಕೇಳಿ ಬರೆದಿಟ್ಟದ್ದರಿಂದ ದೇವಯ್ಯನವರ ಸಾಹಸ ಉಳಿಯಿತು. ನಮ್ಮ ನಡುವಿನ ಎಷ್ಟು ಜನ ಹವಾಲ್ದಾರರ, ಸುಬೇದಾರರ ನೆನಪುಗಳನ್ನು ನಾವು ಕೇಳಿ ಬರೆದಿಟ್ಟಿದ್ದೇವೆ?

ಎಳ್ಳುಬೆಲ್ಲದ ದಿನವೇ ಅವರ ದಿನ

ಮಾಜಿ ಸೈನಿಕರಿಗೆಂದೇ ದೇಶದಲ್ಲಿ ಒಂದು ದಿನವಿದೆ: ಜನವರಿ 14. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕ, ಕೊಡಗಿನ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದದ್ದು ಅಂದು. 2016ರಿಂದ ಆ ದಿನವನ್ನು ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಿದ್ದಾರೆ. ಕಾರ್ಯಪ್ಪನವರಿಗೆ ನಿವೃತ್ತ ಸೈನಿಕರ ಚಿಂತೆ ಕೊನೆಯವರೆಗೂ ಇತ್ತು. 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದವರು ಅವರೇ.

ಆದರೆ ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ಸಂಕ್ರಾಂತಿ. ಎಳ್ಳು ಬೀರುವ ಸಡಗರದಲ್ಲಿ ಈ ದಿನ ನೆನಪಿಗೆ ಬರುವುದಿಲ್ಲ. ನಿಜವಾಗಿ ಇದು ಒಳ್ಳೆಯ ಕೂಡುವಿಕೆ. ಹೇಗೂ ಮನೆ ಮನೆಗೆ ಎಳ್ಳುಬೆಲ್ಲ ಕೊಡಲು ಹೋಗುತ್ತೇವೆ. ಆ ದಿನ ಮೊದಲ ಪೊಟ್ಟಣ ಕಟ್ಟಡದಲ್ಲೋ ಪರಿಚಯದಲ್ಲೋ ಇರುವ ಮಾಜಿ ಸೈನಿಕರ ಮನೆಗೆ ಹೋಗಲಿ. ನೆರೆಯ ಮರಾಠಿಗರು ತಿಳ್‌ಗುಳ್ ಕೊಟ್ಟು ಒಳ್ಳೆಯ ಮಾತಾಡಿ ಎನ್ನುವ ದಿನವೂ ಅದೇ.

ಗೇಟಿನಲ್ಲಿ ನಿಂತವರು ಯಾರು?

ಈಗ ಮುಖ್ಯ ಮಾತಿಗೆ ಬರೋಣ. ಅವರಿಗೆ ಏನು ಬೇಕಾಗಿರಬಹುದು?

ಸೈನ್ಯದಿಂದ ಪ್ರತಿವರ್ಷ ಸುಮಾರು 60 ಸಾವಿರ ಜನ ನಿವೃತ್ತರಾಗುತ್ತಾರೆ. ಜವಾನರಲ್ಲಿ ಬಹುತೇಕರ ವಯಸ್ಸು ಆಗ 35ರಿಂದ 45. ನಮ್ಮ ಬ್ಯಾಂಕ್ ಉದ್ಯೋಗಿಗಳು ಮೊದಲ ದೊಡ್ಡ ಬಡ್ತಿಗೆ ಕಾಯುವ ವಯಸ್ಸಿನಲ್ಲಿ ಇವರು ಪೆಟ್ಟಿಗೆ ಕಟ್ಟಿಕೊಂಡು ಹೊರಬರುತ್ತಾರೆ. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟಿರುವುದಿಲ್ಲ, ಊರಲ್ಲಿ ಮಳೆ ನಂಬಿದ ನಾಲ್ಕು ಎಕರೆ. ಹಾಗಾಗಿ ಅನೇಕರು ಮುಂಬಯಿ ಕಡೆ ಬರುತ್ತಾರೆ. ನೌಪಾಡಾದ ಗೋಖಲೆ ರಸ್ತೆ, ರಾಮ ಮಾರುತಿ ರಸ್ತೆಯ ಆಚೀಚೆ ಹಳೆಯ ಕಟ್ಟಡಗಳು ಕೆಡವಿ ಹೊಸ ಗೋಪುರಗಳಾಗುತ್ತಿವೆ. ಪ್ರತಿ ಗೇಟಿಗೂ ಸೆಕ್ಯುರಿಟಿ ಬೇಕು. ಮಾಜಿ ಸೈನಿಕರಿಗೆ ಇಂಥ ಕೆಲಸ ಕೊಡಿಸಲೆಂದೇ ಪುಣೆಯಲ್ಲಿ ಮಹಾರಾಷ್ಟ್ರ ಸರ್ಕಾರದ ‘ಮೆಸ್ಕೋ’ ನಿಗಮವಿದೆ. ಖಾಸಗಿ ಏಜೆನ್ಸಿಗಳಂತೂ ಲೆಕ್ಕವಿಲ್ಲದಷ್ಟು. ನಾವು ‘ಓ ವಾಚ್‌ಮನ್’ ಎಂದು ಕೂಗುವವರಲ್ಲಿ ಸಿಯಾಚಿನ್ ಕಂಡು ಬಂದವರೂ ಇರಬಹುದು. ಹೆಸರು, ಊರು, ಯಾವ ಪಲ್ಟನ್ ಎಂದು ಒಮ್ಮೆ ವಿಚಾರಿಸಿ ನೋಡಿ. ‘ನಮ್ದು ಬೈಲಹೊಂಗಲ ಕಡೆ ರೀ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಹೊರನಾಡಿನಲ್ಲಿ ನೆಲೆಸಿದ ಮಾಜಿ ಸೈನಿಕರಿಗೆ ಇನ್ನೊಂದು ತೊಡಕಿದೆ: ಕಾಗದಪತ್ರ. ಒಂದು ಉದಾಹರಣೆ ಊಹಿಸಿಕೊಳ್ಳೋಣ. ಧಾರವಾಡ ಜಿಲ್ಲೆಯ ಒಬ್ಬರು ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿದ್ದಾರೆ. ಅವರ ಹೆಸರು ನೋಂದಣಿಯಾಗಿರುವುದು ಊರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ, ಸೇವಾ ದಾಖಲೆ ಇರುವುದು ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಬದುಕು ಮಾತ್ರ ಇಲ್ಲಿ. ಠಾಣೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ನೋಂದಣಿ ವರ್ಗಾಯಿಸಿಕೊಳ್ಳಬಹುದು ಎಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ಮಾಜಿ ಸೈನಿಕರ ಮನೆಗೆ ಆಸ್ತಿ ತೆರಿಗೆ ವಿನಾಯಿತಿ ಕೊಡುವ ಯೋಜನೆಯನ್ನು ಮಹಾರಾಷ್ಟ್ರ 2020ರಲ್ಲಿ ತಂದಿದೆ. ಅದಕ್ಕೆ ಈ ರಾಜ್ಯದ ಡೊಮಿಸೈಲ್ ಪ್ರಮಾಣಪತ್ರ ಬೇಕು. ಮರಾಠಿ ಅರ್ಜಿ, ಹಿಂದಿ ಸುತ್ತೋಲೆ, ಇಂಗ್ಲಿಷ್ ವೆಬ್‌ಸೈಟ್ ಇವುಗಳ ನಡುವೆ ಕನ್ನಡದಲ್ಲಿ ಓದಿದವರು ಹಿಂದೆ ಸರಿಯುತ್ತಾರೆ.

ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಪಿಂಚಣಿ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಸ್ಮಾರ್ಟ್‌ಫೋನ್ ಬಳಸಲು ಬಾರದ ಎಂಬತ್ತರ ವೃದ್ಧರಿಗೆ, ತಾನು ಬದುಕಿದ್ದೇನೆ ಎಂದು ಸಾಬೀತುಪಡಿಸುವುದೇ ಒಂದು ಅಲೆದಾಟ. ಸವೆದ ಬೆರಳಿನ ಗುರುತು ಯಂತ್ರಕ್ಕೆ ಹಿಡಿಸುವುದಿಲ್ಲ. ಈಗ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೇ ಇದನ್ನು ಮುಗಿಸಬಹುದು. ನಮ್ಮ ಮಕ್ಕಳಿಗೆ ಇದು ಹತ್ತು ನಿಮಿಷದ ಕೆಲಸ.

ಸೈನಿಕರ ವಿಧವೆಯರ ಪಾಡು ಇನ್ನೂ ಕಷ್ಟದ್ದು. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ರೂಢಿ ಇದೆ. ತವರಿನಲ್ಲಿ ಒಂದು ಹೆಸರು, ಗಂಡ ಸೈನ್ಯದಲ್ಲಿ ಬರೆಸಿದ್ದು ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಗಂಡ ಇರುವಾಗ ಯಾರೂ ಗಮನಿಸದ ಈ ವ್ಯತ್ಯಾಸ, ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಗೋಡೆಯಂತೆ ಎದುರು ನಿಲ್ಲುತ್ತದೆ. ಪತಿ ಬದುಕಿರುವಾಗಲೇ ರೆಕಾರ್ಡ್ ಆಫೀಸಿಗೆ ಬರೆದು ಹೆಸರು, ಜನ್ಮದಿನಾಂಕ ಸರಿಪಡಿಸಿಕೊಳ್ಳುವುದು ಎಷ್ಟೋ ಸುಲಭ. ಇದನ್ನು ಹೇಳುವವರು ಬೇಕು.

ಆರೋಗ್ಯದ ಮಾತೂ ಹಾಗೆಯೇ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ 2003ರಿಂದ ಇದೆ. ಆದರೆ ನೌಕಾಪಡೆಯ ದೊಡ್ಡ ಆಸ್ಪತ್ರೆ ಅಶ್ವಿನಿ ಇರುವುದು ಕೊಲಾಬಾದ ತುದಿಯಲ್ಲಿ. ಕಲ್ಯಾಣದಿಂದ ಸಿಎಸ್‌ಎಂಟಿಗೇ ಸುಮಾರು 54 ಕಿಲೋಮೀಟರ್. ಅಲ್ಲಿಂದ ಮತ್ತೆ ಬಸ್ಸು. ಮೊಣಕಾಲು ನೋವಿನವರು ಬೆಳಗಿನ ಗರ್ದಿಯಲ್ಲಿ ಹೇಗೆ ಹೋಗಬೇಕು? ಜೊತೆಗೆ ಬರುವ ಒಬ್ಬರು ಸಿಕ್ಕರೆ ಅದು ಯಾವ ಸ್ಮರಣಿಕೆಗೂ ಕಡಿಮೆಯಲ್ಲ.

ಸಂಘಗಳು ಏನು ಮಾಡಬಹುದು?

ಹಣ ಹೆಚ್ಚು ಬೇಡದ, ಆದರೆ ಬಿಡದೆ ಮಾಡಬೇಕಾದ ಕೆಲವು ಕೆಲಸಗಳಿವೆ.

ಮೊದಲಿಗೆ, ಪ್ರತಿ ಸಂಘ ತನ್ನ ಸದಸ್ಯರಲ್ಲಿ, ಅವರ ನೆಂಟರಿಷ್ಟರಲ್ಲಿ ಮಾಜಿ ಸೈನಿಕರು ಮತ್ತು ಸೈನಿಕರ ವಿಧವೆಯರು ಯಾರಿದ್ದಾರೆ ಎಂದು ಒಂದು ಪಟ್ಟಿ ಮಾಡಲಿ. ಅವರ ಜೊತೆ ವರ್ಷವಿಡೀ ಸಂಪರ್ಕದಲ್ಲಿರಲು ಸಂಘದ ಒಬ್ಬರಿಗೆ ಜವಾಬ್ದಾರಿ ಕೊಡಲಿ, ಆತಕೂರಿನ ಕಲ್ಲಿಗೊಬ್ಬ ಪೂಜಾರಿ ಇದ್ದಂತೆ.

ಅಕ್ಟೋಬರ್-ನವೆಂಬರ್‌ನಲ್ಲಿ ಒಂದು ಭಾನುವಾರ ಲ್ಯಾಪ್‌ಟಾಪ್, ಪ್ರಿಂಟರ್ ಇಟ್ಟುಕೊಂಡು ‘ಕಾಗದಪತ್ರ ಶಿಬಿರ’ ನಡೆಯಲಿ. ಜೀವನ ಪ್ರಮಾಣಪತ್ರ, ಸ್ಪರ್ಶ್ ಲಾಗಿನ್, ಹೆಸರಿನ ತಿದ್ದುಪಡಿ, ನೋಂದಣಿ ವರ್ಗಾವಣೆ, ತೆರಿಗೆ ವಿನಾಯಿತಿಯ ಅರ್ಜಿ ಎಲ್ಲಕ್ಕೂ ಕನ್ನಡದಲ್ಲಿ ಕೂತು ಸಹಾಯ ಮಾಡಬಹುದು. ಬ್ಯಾಂಕಿನಿಂದ ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಿಂತ ತಕ್ಕವರು ಬೇರೆ ಯಾರು? ಮಾಜಿ ಸೈನಿಕರ ಮಕ್ಕಳಿಗೆ ವೃತ್ತಿಪರ ಕೋರ್ಸುಗಳಿಗಾಗಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ: ಹುಡುಗರಿಗೆ ತಿಂಗಳಿಗೆ 2500, ಹುಡುಗಿಯರಿಗೆ 3000 ರೂಪಾಯಿ. ಪಿಂಚಣಿಯೇ ಇಲ್ಲದೆ 65 ದಾಟಿದ, ಹವಾಲ್ದಾರ್ ಹುದ್ದೆಯವರೆಗಿನವರಿಗೆ ಮಾಸಿಕ ನೆರವೂ ಇದೆ. ಅರ್ಜಿ ಹಾಕಿದವರಿಗೆ ಮಾತ್ರ ಇವು ಸಿಗುತ್ತವೆ.

ಹೋಟೆಲ್, ಕೇಟರಿಂಗ್, ಸಾರಿಗೆ, ಶಾಲೆ ನಡೆಸುವ ನಮ್ಮವರು ಕೆಲಸಕ್ಕೆ ಜನ ಹುಡುಕುವಾಗ ಮಾಜಿ ಸೈನಿಕರನ್ನೂ ನೆನೆಯಲಿ. ಗೇಟಿನ ಆಚೆಗೂ ಅವರು ಮಾಡಬಲ್ಲ ಕೆಲಸಗಳಿವೆ. ಸ್ಟೋರ್ ಲೆಕ್ಕ, ವಾಹನಗಳ ಉಸ್ತುವಾರಿ, ಅಡುಗೆಮನೆಯ ಶಿಸ್ತು ಇವನ್ನೆಲ್ಲ ಪಲ್ಟನ್ನಿನಲ್ಲೇ ಕಲಿತವರು ಅವರು. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಯುವಕರಲ್ಲಿ ಬಹುಪಾಲು ಜನ ನಾಲ್ಕೇ ವರ್ಷಕ್ಕೆ, ಪಿಂಚಣಿ ಇಲ್ಲದೆ ಹೊರಬರುತ್ತಾರೆ. ಊರಿಂದ ನೇರವಾಗಿ ನಮ್ಮ ಬಾಗಿಲಿಗೇ ಬರುವವರು ಅವರು.

ಡಿಸೆಂಬರ್ 7 ಧ್ವಜ ದಿನ. 1949ರಿಂದ ನಡೆದು ಬಂದಿದೆ. ಭೂಸೇನೆ, ನೌಕಾಪಡೆ, ವಾಯುಪಡೆಗಳ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಆ ಪುಟ್ಟ ಧ್ವಜವನ್ನು ಶಾಲೆಯಲ್ಲಿ ಅಂಗಿಗೆ ಚುಚ್ಚಿಕೊಂಡ ನೆನಪು ನಿಮಗೂ ಇರಬಹುದು. ಸಂಘದ ಕಡೆಯಿಂದ ಆ ನಿಧಿಗೆ ಕೊಡುವ ಹಣವನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೇ ತಲುಪಿಸಿ ರಶೀದಿ ಪಡೆಯಬಹುದು. ಅದೇ ಭೇಟಿಯಲ್ಲಿ ಅಲ್ಲಿನ ಅಧಿಕಾರಿಗಳ ಪರಿಚಯವೂ ಆಗುತ್ತದೆ.

ಸಂಘದ ವಾರ್ಷಿಕ ಪ್ರವಾಸ ಪುಣೆಯ ಕಡೆಗಿದ್ದರೆ ಖಡ್ಕಿಗೂ ಹೋಗಿ ಬರಬಹುದು. ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಶುರುವಾಗಿ ನಂತರ ಅಲ್ಲಿಗೆ ಹೋದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ; ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವವರ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವೂ ಇದೆ. ಮೊದಲೇ ಅನುಮತಿ ಕೇಳಿ ಹೋಗಬೇಕು, ಫೋಟೋಗಾಗಿ ಅಲ್ಲ, ಕೂತು ಮಾತಾಡಲು.

ಕೊನೆಯದಾಗಿ, ಅವರ ನೆನಪುಗಳನ್ನು ಕೇಳಿ ದಾಖಲಿಸೋಣ. ಇಂದಿನ ಫೋನೇ ಸಾಕು. ಯುದ್ಧದ ಮಾತೇ ಆಗಬೇಕೆಂದಿಲ್ಲ. ಮೊದಲ ಸಲ ಊರು ಬಿಟ್ಟ ರೈಲು, ಹಿಂದಿ ಬಾರದೆ ಪಟ್ಟ ಪಾಡು, ಹಿಮದ ಚೌಕಿಯಲ್ಲಿ ಸಿಕ್ಕ ಅವ್ವನ ಪತ್ರ, ಜೊತೆಗಿದ್ದು ಮರಳದ ಗೆಳೆಯ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಮೌನವಾಗಿದ್ದವರ ಪಕ್ಕದಲ್ಲಿ ಸುಮ್ಮನೆ ಕೂತು ಚಹಾ ಕುಡಿದರೂ ಆದೀತು.

ಶಾಲು, ಹಾರ, ಪೇಟ ಎಲ್ಲವೂ ಇರಲಿ. ಆದರೆ ಈ ವರ್ಷದ ಆಮಂತ್ರಣ ಕೊಡಲು ಹೋದಾಗ ಸನ್ಮಾನಿತರ ಮನೆಯಲ್ಲಿ ಐದು ನಿಮಿಷ ಹೆಚ್ಚು ಕೂತು, ಏನು ಬೇಕು ಎಂದು ಕೇಳಿ ಬನ್ನಿ. ‘ಏನೂ ಬೇಡ ರೀ, ನೀವು ಬಂದದ್ದೇ ಸಾಕು’ ಎನ್ನುತ್ತಾರೆ. ಸೈನಿಕರು ಕೇಳಿ ಅಭ್ಯಾಸವಿಲ್ಲದವರು. ಅವರಿಂದ ಆ ಉತ್ತರ ಬಂದಾಗ, ಒಳಗಿರುವ ಅವರ ಹೆಂಡತಿಯನ್ನೂ ಅದೇ ಪ್ರಶ್ನೆ ಕೇಳಿ. ನಿಜವಾದ ಪಟ್ಟಿ ಅಲ್ಲಿ ಸಿಗುತ್ತದೆ.